ಇನ್ನೂರ ಹದಿನಾಲ್ಕರ ಹಾಜರಿ

ಮಾರ್ಚ್ 4

ಮಾನ್ಯ ಕಾರ್ಯದರ್ಶಿಗಳಿಗೆ,

ನಮಸ್ಕಾರ. ನಿಮ್ಮ ಸಂಘದ ಪುಸ್ತಿಕೆಯೂ ಅದರೊಳಗಿಟ್ಟ ಪಟ್ಟಿಯೂ ಮೊನ್ನೆ ತಲುಪಿದವು. ಯುದ್ಧದಲ್ಲಿ ನಿಮ್ಮ ಹಡಗು ಮುಳುಗಿ ಮೂವತ್ತು ವರ್ಷವಾಯಿತೆಂದು, ಬದುಕಿ ಬಂದವರೆಲ್ಲ ಪ್ರತಿವರ್ಷದಂತೆ ಫೆಬ್ರವರಿ ಹತ್ತೊಂಬತ್ತರಂದು ಸೇರಿದಿರೆಂದು, ಆ ದಿನ ಕೂಗಿದ ಹಾಜರಿಯ ಪಟ್ಟಿಯನ್ನು ಈ ಸಲ ಸತ್ತವರ ಮನೆಗಳಿಗೂ ಕಳುಹಿಸಿದ್ದೀರೆಂದು ಬರೆದಿದ್ದೀರಿ. ಒಳ್ಳೆಯದು.

ಪಟ್ಟಿಯ ಏಳನೆಯ ಪುಟದಲ್ಲಿ, ಇನ್ನೂರ ಹದಿನಾಲ್ಕನೆಯ ನಂಬರಿನಲ್ಲಿ ನನ್ನ ತಮ್ಮನ ಹೆಸರಿದೆ. ಹೆಸರಿನ ಮುಂದೆ 'ಹಾಜರು' ಎಂದಿದೆ.

ಅವನು ಹಡಗಿನ ಜೊತೆ ಮುಳುಗಿದನೆಂದು ನೌಕಾಪಡೆಯವರು ಆಗಲೇ ಕಾಗದ ಕಳುಹಿಸಿದ್ದರು. ಅವನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಆ ಕಾಗದ ಇವತ್ತಿಗೂ ನನ್ನ ಬೀರುವಿನಲ್ಲಿದೆ. ನಿಮ್ಮ ಪಟ್ಟಿಯನ್ನು ನಾನು ಬಸ್ಸಿನಲ್ಲಿ ಕೂತು ಬಿಚ್ಚಿದೆ. ಇಳಿಯಬೇಕಾದ ಸ್ಟಾಪು ದಾಟಿ ಇನ್ನೆರಡು ಸ್ಟಾಪು ಹೋದದ್ದು ನನಗೆ ತಿಳಿಯಲಿಲ್ಲ.

ನಾನು ಶಾಲಾ ಶಿಕ್ಷಕಿ. ಮೂವತ್ತೆರಡು ವರ್ಷದಿಂದ ದಿನವೂ ಹಾಜರಿ ಹಾಕುತ್ತಿರುವವಳು. ಒಂದು ಗೆರೆ ತಪ್ಪಿ ಪಕ್ಕದವನ ಗುರುತು ಇವನಿಗೆ ಬಿದ್ದಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮಟ್ಟಿಗೆ ಅಷ್ಟು ಸಾಕಿತ್ತು. ಆದರೆ ಮನೆ ಸೇರಿ ನಾನು ಕೈತೊಳೆದು ಬರುವಷ್ಟರಲ್ಲಿ ಅಮ್ಮ ಭೂತಗನ್ನಡಿ ಹಿಡಿದು ಪಟ್ಟಿಯನ್ನೆಲ್ಲ ಓದಿ ಮುಗಿಸಿದ್ದರು. ಅವರಿಗೆ ಎಂಬತ್ತೊಂದು. "ನೋಡು, ಬಂದಿದ್ದನಂತೆ. ಅಲ್ಲೀತನಕ ಬಂದೋನು ಮನೆಗ್ಯಾಕೆ ಬರ್ಲಿಲ್ಲ?" ಎಂದರು. ಅವತ್ತಿನಿಂದ ಬೀದಿಬಾಗಿಲಿಗೆ ಚಿಲಕ ಹಾಕಲು ನನ್ನನ್ನು ಬಿಡುತ್ತಿಲ್ಲ.

ಇದು ತಪ್ಪಾಗಿದ್ದರೆ ತಪ್ಪೆಂದು ಸಂಘದ ಮುದ್ರೆಯಿರುವ ಕಾಗದದಲ್ಲಿ ಬರೆದು ಕಳುಹಿಸಿ. ಅವನು ಹೇಗೆ ಹೋದ ಎಂಬುದನ್ನೂ ಬಲ್ಲವರೊಬ್ಬರು ಬರೆಯಲಿ. ತಪ್ಪಲ್ಲದಿದ್ದರೆ... ಈ ವಾಕ್ಯವನ್ನು ಹೇಗೆ ಮುಗಿಸಬೇಕೋ ನನಗೆ ಗೊತ್ತಾಗುತ್ತಿಲ್ಲ.

ಇಂತಿ,
ಇನ್ನೂರ ಹದಿನಾಲ್ಕರ ಅಕ್ಕ


ಮಾರ್ಚ್ 15

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಕಾರ್ಯದರ್ಶಿಗಳು ನನಗೆ ಕಳುಹಿಸಿದರು. ಅವರು ಹಡಗಿನಲ್ಲಿ ನಮಗೆ ಹಿರಿಯರು. ಸದಾ ಕೊರಳಲ್ಲಿ ಸೀಟಿ ಇರುತ್ತಿದ್ದುದರಿಂದ ನಾವೆಲ್ಲ ಬೆನ್ನ ಹಿಂದೆ 'ಸೀಟಿ' ಎನ್ನುತ್ತಿದ್ದೆವು. ಈಗ ಎದುರಿಗೇ ಎನ್ನುತ್ತೇವೆ. "ನೀನು ಮಾಡಿದ ಅಡುಗೆ, ನೀನೇ ಬಡಿಸು" ಎಂದು ಪತ್ರದ ಮೂಲೆಯಲ್ಲಿ ಬರೆದು ಕಳುಹಿಸಿದ್ದಾರೆ. ನಾನು ಹಡಗಿನ ಅಡುಗೆಯವನು. ನನ್ನ ನಂಬರು ಇನ್ನೂರ ಹದಿಮೂರು. ಈಗ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ.

ನಡೆದದ್ದು ಇಷ್ಟು. ಕೂಟದ ದಿನ ಸೀಟಿ ಒಂದರಿಂದ ಇನ್ನೂರ ನಲವತ್ತರವರೆಗೆ ಎಲ್ಲ ನಂಬರನ್ನೂ ಕೂಗುತ್ತಾರೆ. ಬದುಕಿರುವವರು 'ಹಾಜರ್' ಎನ್ನುತ್ತೇವೆ. ಉತ್ತರ ಬಾರದಿದ್ದರೆ ಬಾಗಿಲ ಬಳಿ ತೂಗುಹಾಕಿದ ಗಂಟೆಯನ್ನು ಒಂದು ಸಲ ಹೊಡೆಯುತ್ತಾರೆ. ನಿಮ್ಮ ತಮ್ಮನ ನಂಬರು ಬಂದಾಗ ಮಾತ್ರ ಪ್ರತಿವರ್ಷ ಅವನ ಬದಲು ನಾನು 'ಹಾಜರ್' ಎನ್ನುತ್ತೇನೆ. ಅದೊಂದು ಹಳೆಯ ರೂಢಿ. ಹಡಗಿನ ಬೆಳಗಿನ ಹಾಜರಿಗೆ ಅವನು ಏಳುತ್ತಿರಲಿಲ್ಲ. ಎದ್ದರೂ ಒಂದು ಕಣ್ಣು ಮಾತ್ರ ಎದ್ದಿರುತ್ತಿತ್ತು. ನಾವು ಇಟ್ಟ ಹೆಸರೇ 'ಆಕಳಿಕೆ'. ನಾನು ನನ್ನ ನಂಬರಿಗೆ ದಪ್ಪ ದನಿಯಲ್ಲಿ, ಅವನ ನಂಬರಿಗೆ ಸಣ್ಣ ದನಿಯಲ್ಲಿ ಕೂಗುತ್ತಿದ್ದೆ. ಕೂಗಿದ್ದಕ್ಕೆ ಪ್ರತಿಯಾಗಿ ಅವನು ಒಂದು ಬಕೆಟ್ ಆಲೂಗಡ್ಡೆ ಸುಲಿದುಕೊಡಬೇಕು. ಆ ಸಲುಗೆಯಲ್ಲಿ ಮೊದಲ ವರ್ಷದ ಕೂಟದಲ್ಲೂ ಕೂಗಿಬಿಟ್ಟೆ. ಯಾರೂ ಬೇಡವೆನ್ನಲಿಲ್ಲ, ಹಾಗೇ ನಡೆದುಕೊಂಡು ಬಂತು. ಈ ಸಲ ಟೈಪು ಮಾಡಿದ ಹುಡುಗಿ ಹೊಸಬಳು. ಕಿವಿಗೆ ಬಿದ್ದದ್ದನ್ನು ಹಾಗೆಯೇ ಬರೆದಿದ್ದಾಳೆ. ಅವಳ ತಪ್ಪಿಲ್ಲ.

ಅವನು ಹೇಗೆ ಹೋದ ಎಂದು ಕೇಳಿದ್ದೀರಿ. ನಿದ್ದೆಯಲ್ಲಿ ಹೋದ ಅಕ್ಕಾ. ಟಾರ್ಪೆಡೊ ಬಡಿದದ್ದು ಅವನು ಮಲಗಿದ್ದ ಕಡೆಗೇ. ಏನೂ ಗೊತ್ತಾಗಿರಲಾರದು. ಅಮ್ಮನಿಗೆ ಹಾಗೆಂದು ಹೇಳಿ, ಸಮಾಧಾನವಾದೀತು.

ನಿಮ್ಮ ವಿಶ್ವಾಸಿ,
ಅಡುಗೆಯವನು


ಮಾರ್ಚ್ 24

ಅಡುಗೆಯವರಿಗೆ,

ಬೇಗ ಉತ್ತರಿಸಿದ್ದಕ್ಕೆ ವಂದನೆಗಳು. ಟೈಪಿಸ್ಟ್ ಹುಡುಗಿಯ ಮೇಲೆ ನನಗೂ ಸಿಟ್ಟಿಲ್ಲ.

ಆದರೆ ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಒಂದೇ ಕಡೆ ಎಡವಿದೆ. ನಿಮ್ಮದೇ ಪುಸ್ತಿಕೆಯ ಎರಡನೆಯ ಪುಟದಲ್ಲಿ ಹಡಗಿಗೆ ಟಾರ್ಪೆಡೊ ಬಡಿದದ್ದು ಬೆಳಿಗ್ಗೆ ಐದೂ ನಲವತ್ತಕ್ಕೆ ಎಂದಿದೆ. ನನ್ನ ತಮ್ಮನ ಕೊನೆಯ ಕಾಗದ ನನ್ನ ಬಳಿ ಇದೆ. 'ಈ ವಾರದಿಂದ ನನ್ನನ್ನು ನಾಲ್ಕರಿಂದ ಎಂಟರ ಪಾಳಿಗೆ ಹಾಕಿದ್ದಾರೆ ಅಕ್ಕಾ, ಮೇಲಿನ ಡೆಕ್ಕಿನಲ್ಲಿ ನಿಂತು ಸಮುದ್ರ ನೋಡುವ ಕೆಲಸ, ಇನ್ನು ನನ್ನ ಬದಲು ಯಾರೂ ಕೂಗುವ ಹಾಗಿಲ್ಲ' ಎಂದು ಬರೆದಿದ್ದಾನೆ. ಐದೂ ನಲವತ್ತಕ್ಕೆ ಪಾಳಿಯಲ್ಲಿ ನಿಂತವನು ಕೆಳಗೆ ಮಲಗಿರಲು ಹೇಗೆ ಸಾಧ್ಯ?

ಮನೆಪಾಠ ಮಾಡದ ಮಕ್ಕಳು ಹೇಳುವ ನೆಪಗಳನ್ನು ಕೇಳಿಯೇ ನನ್ನ ಕೂದಲು ಹಣ್ಣಾಗಿದೆ. ನೆಪದಲ್ಲಿ ಒಂದು ಗುಣವಿದೆ, ಕೇಳುವವರಿಗೆ ಹಿತವಾಗಿರುತ್ತದೆ. ನಿಮ್ಮ ಪತ್ರ ಬಹಳ ಹಿತವಾಗಿತ್ತು.

ಇನ್ನೊಂದು ಮಾತು. ನನ್ನನ್ನು ಅಕ್ಕ ಎನ್ನಬೇಡಿ. ಹಾಗೆ ಕರೆಯುವವನು ಒಬ್ಬನೇ ಇದ್ದ.

ನಡೆದದ್ದನ್ನು ಬರೆಯಿರಿ. ತಪ್ಪೊಪ್ಪಿಗೆ ಕಾಗದವನ್ನೂ ಕಳುಹಿಸಿ. ಅಮ್ಮ ಅವನ ಹಳೆಯ ಅಂಗಿಗಳನ್ನು ಬಿಸಿಲಿಗೆ ಹಾಕಿದ್ದಾರೆ.

ಶಿಕ್ಷಕಿ


ಮೇ 2

ಟೀಚರ್ ಅವರಿಗೆ,

ತಡವಾಯಿತು. ಆಸ್ಪತ್ರೆಯಲ್ಲಿ ದಿನಕ್ಕೆ ಮುನ್ನೂರು ಜನರ ಊಟ. ಅದರಲ್ಲಿ ಉಪ್ಪು ಬೇಡದವರು ನೂರು, ಸಕ್ಕರೆ ಬೇಡದವರು ಎಂಬತ್ತು, ಏನೇ ಕೊಟ್ಟರೂ ಬೇಡದವರು ಮಿಕ್ಕವರು. ಇಬ್ಬರು ರಜೆ ಹಾಕಿದ್ದಾರೆ. ಬಾಯ್ಲರು ಕೈಕೊಟ್ಟಿತ್ತು.

ಸಂಘದ ಮುದ್ರೆಯಿರುವ ಚೀಟಿ ಇದರೊಂದಿಗಿದೆ. 'ಇನ್ನೂರ ಹದಿನಾಲ್ಕರ ಮುಂದಿನ ಗುರುತು ಕೈತಪ್ಪಿನಿಂದ ಆದದ್ದು' ಎಂದು ಸೀಟಿಯೇ ಸಹಿ ಹಾಕಿದ್ದಾರೆ. ಅಮ್ಮನಿಗೆ ತೋರಿಸಿ.

ಪಾಳಿಯ ವಿಷಯ ನನಗೆ ನೆನಪಿಲ್ಲ. ಮೂವತ್ತು ವರ್ಷವಾಯಿತು, ಯಾರ ಪಾಳಿ ಯಾವಾಗ ಎಂದು ಅಡುಗೆಯವನಿಗೆ ಹೇಗೆ ಗೊತ್ತಿರಬೇಕು? ಹೋದವನು ಹೋದ. ಕೆದಕಿ ಏನು ಬರುತ್ತದೆ? ನಿಮ್ಮನ್ನು ಅಕ್ಕ ಎಂದದ್ದು ಅವನ ಬಾಯಿಂದ ಕೇಳಿ ಕೇಳಿ ಬಂದ ಅಭ್ಯಾಸ. ಇನ್ನು ಎನ್ನುವುದಿಲ್ಲ.

ಅಡುಗೆಯವನು


ಜೂನ್ 9

ಅಡುಗೆಯವರಿಗೆ,

ನಿಮ್ಮ ಚೀಟಿಯನ್ನು ಅಮ್ಮ ಭೂತಗನ್ನಡಿಯಲ್ಲಿ ಎರಡು ಕಡೆಯೂ ನೋಡಿದರು. "ಇದ್ದಾನೆ ಅನ್ನೋದು ಅಷ್ಟು ದೊಡ್ಡ ಪಟ್ಟಿ, ಇಲ್ಲ ಅನ್ನೋದು ಇಷ್ಟೇ ಇಷ್ಟು ಚೀಟಿ. ಯಾವುದನ್ನ ನಂಬ್ಲಿ ಹೇಳು" ಎಂದರು. ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವರು ನನ್ನಿಂದ ಒಂದು ಕಾಗದ ಬರೆಸಿದ್ದಾರೆ, ಅವನಿಗೆ. ಕೂಟದ ವಿಳಾಸಕ್ಕೆ ಹಾಕೆಂದು ಹಟ. ತಲುಪಿಸಬಲ್ಲವರು ನೀವೊಬ್ಬರೇ ಆದ್ದರಿಂದ ಒಳಗಿಟ್ಟಿದ್ದೇನೆ. ಓದಿ.

ಅದನ್ನು ಬರೆಸುವಾಗ ಅಮ್ಮ ಹೇಳಿದ ಒಂದು ಮಾತಿಗೆ ನನ್ನ ಕೈ ನಿಂತುಹೋಯಿತು. "ಸಹಿ ಹಾಕಿ ಕಳಿಸ್ಕೊಟ್ಟ ನಿಮ್ಮಪ್ಪ ಈಗಿಲ್ಲ, ಧೈರ್ಯವಾಗಿ ಬಾ ಅಂತ ಬರಿ" ಎಂದರು. ನಾನು ಬರೆದೆ. ಬರೆದ ಮೇಲೆ ಮೂರು ದಿನ ನನಗೆ ಪಾಠ ಮಾಡಲು ಆಗಲಿಲ್ಲ. ಕರಿಹಲಗೆಯ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬರೆದೆನಂತೆ.

ನೀವು ನಡೆದದ್ದನ್ನು ಹೇಳುತ್ತಿಲ್ಲ. ಮೊದಲು ನಾನೇ ಹೇಳುತ್ತೇನೆ. ನೌಕಾಪಡೆ ಸೇರುವಾಗ ಅವನಿಗೆ ಹದಿನೇಳೂವರೆ. ಅಪ್ಪನ ಸಹಿ ಬೇಕಿತ್ತು. ನಮ್ಮಪ್ಪ ಬೀಗ ರಿಪೇರಿ ಮಾಡುವವರು, ಸುಳ್ಳಿಗೂ ಬೀಗಕ್ಕೂ ಜಗ್ಗದವರು. ಆಗುವುದಿಲ್ಲ ಎಂದುಬಿಟ್ಟರು. ತಮ್ಮ ನನ್ನ ಹಿಂದೆ ಬಿದ್ದ. ನಾನು ಅಪ್ಪನ ಸಹಿಯನ್ನು ಹಳೆಯ ರಸೀತಿ ನೋಡಿ ಇಪ್ಪತ್ತು ಸಲ ತಿದ್ದಿ, ಇಪ್ಪತ್ತೊಂದನೆಯದನ್ನು ಅರ್ಜಿಯ ಮೇಲೆ ಹಾಕಿದೆ. ತಮ್ಮನ ಮೇಲಿನ ಪ್ರೀತಿಯಿಂದ ಎಂದು ಬಹಳ ವರ್ಷ ಹೇಳಿಕೊಂಡೆ. ಅದು ಅರ್ಧ. ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಮಂಚ ಅವನದಾಗಿತ್ತು. ಅವನು ಹೋದರೆ ಅದು ನನಗೆ ಸಿಗುತ್ತಿತ್ತು. ಇವತ್ತಿಗೂ ನಾನು ಅದರ ಮೇಲೇ ಮಲಗುವುದು.

ಮನೆಯಲ್ಲಿ ಗೊತ್ತಾದ ದಿನ ಅಮ್ಮ ಅರ್ಜಿಯ ನಕಲನ್ನು ಅಪ್ಪನ ಮುಖಕ್ಕೆ ಹಿಡಿದರು. ಅಪ್ಪ ಸಹಿ ನೋಡಿದರು. ನನ್ನನ್ನು ನೋಡಿದರು. "ಹೌದು, ನಾನೇ ಹಾಕಿದ್ದು" ಎಂದರು. ಹಡಗು ಮುಳುಗಿದ ಸುದ್ದಿ ಬಂದ ಮೇಲೆ ಅಮ್ಮ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ, ಅವರು ಸಾಯುವವರೆಗೆ. ಹನ್ನೊಂದು ವರ್ಷ. ತಟ್ಟೆ ಇಟ್ಟು ಹೋಗುತ್ತಿದ್ದರು. ನಾನು ಇಬ್ಬರ ನಡುವೆ ಕೂತು ಊಟ ಮಾಡುತ್ತಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿಮ್ಮ ಸರದಿ.

ಶಿಕ್ಷಕಿ

(ಒಳಗಿಟ್ಟ ಕಾಗದ)

ಮಗು, ಬಂದು ಹೋದೆಯಂತೆ. ನಮ್ಮ ಬೀದಿ ಗುರುತು ಸಿಗದಿದ್ದರೆ ಬೇಕರಿ ಪಕ್ಕ ಅಂತ ಕೇಳು, ಬೇಕರಿ ಈಗ ಚಪ್ಪಲಿ ಅಂಗಡಿ ಆಗಿದೆ. ಸಹಿ ಹಾಕಿ ಕಳಿಸಿಕೊಟ್ಟ ನಿಮ್ಮಪ್ಪ ಈಗಿಲ್ಲ, ಧೈರ್ಯವಾಗಿ ಬಾ. ಬೆಳಿಗ್ಗೆ ಏಳೋದು ಕಲಿತೆಯಾ? ಅಲ್ಲಿ ನಿನ್ನನ್ನ ಯಾರು ಎಬ್ಬಿಸ್ತಾರೆ? ಬಾಗಿಲಿಗೆ ಚಿಲಕ ಹಾಕಿಲ್ಲ. ಅಮ್ಮ.


ಆಗಸ್ಟ್ 20

ಟೀಚರ್,

ಅಮ್ಮನ ಕಾಗದ ಎರಡು ತಿಂಗಳಿಂದ ನನ್ನ ಅಂಗಿಯ ಜೇಬಿನಲ್ಲಿದೆ. ಒಂದು ಸಲ ಒಗೆಯಲು ಹೋಗಿ ಉಳಿಯಿತು. 'ನಿನ್ನನ್ನ ಯಾರು ಎಬ್ಬಿಸ್ತಾರೆ' ಎಂದು ಕೇಳಿದ್ದಾರೆ. ಎಬ್ಬಿಸಬೇಕಾಗಿದ್ದವನು ನಾನು. ಎಬ್ಬಿಸಲಿಲ್ಲ.

ಈ ಪತ್ರವನ್ನು ಏಳು ಸಲ ಶುರು ಮಾಡಿ ಹರಿದಿದ್ದೇನೆ. ಈ ಸಲ ತಿದ್ದುವುದಿಲ್ಲ, ಬಂದ ಹಾಗೆ ಬರೆಯುತ್ತೇನೆ.

ನೀವು ಹೇಳಿದ್ದು ನಿಜ. ಅವನು ಮೇಲಿನ ಡೆಕ್ಕಿನಲ್ಲಿ ಪಾಳಿಯಲ್ಲಿದ್ದ. ನಾನು ಒಲೆಯ ಮುಂದೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದೆ. ಹಡಗು ಹನ್ನೆರಡು ನಿಮಿಷದಲ್ಲಿ ಹೋಯಿತು. ನಾನು ನೀರಿಗೆ ಬಿದ್ದಾಗ ಕೈತುಂಬ ಹಿಟ್ಟಿತ್ತು. ಒಂದು ತೆಪ್ಪ ಸಿಕ್ಕಿತು. ಅದರ ಮೇಲೆ ಗಾಯವಾದ ಮೂವರು, ಸುತ್ತಲಿನ ಹಗ್ಗ ಹಿಡಿದು ನೀರಿನಲ್ಲಿ ನಾವು ಒಂಬತ್ತು ಜನ. ಒಟ್ಟು ಹನ್ನೆರಡು. ನನ್ನ ಎಡಕ್ಕೆ ಅವನಿದ್ದ. ಬೆಲ್ಟು ಬಿಚ್ಚಿ ತನ್ನ ಮುಂಗೈಯನ್ನು ಹಗ್ಗಕ್ಕೆ ಕಟ್ಟಿಕೊಂಡಿದ್ದ. ಚೆನ್ನಾಗಿಯೇ ಇದ್ದ ಟೀಚರ್. ಒಂದು ತರಚು ಗಾಯವೂ ಇರಲಿಲ್ಲ. "ಪಾಳಿ ಬೇಗ ಮುಗೀತು ನೋಡು" ಎಂದ.

ಎಲ್ಲರ ಮುಖಕ್ಕೂ ಹಡಗಿನ ಎಣ್ಣೆ ಮೆತ್ತಿತ್ತು. ಕಣ್ಣು ಬಿಟ್ಟರೆ ಉರಿ, ಹಾಗಾಗಿ ಮುಚ್ಚಿಕೊಂಡೇ ಇದ್ದೆವು. ನೀರು ಬಹಳ ತಣ್ಣಗಿತ್ತು. ಸೀಟಿ ನಮ್ಮ ತೆಪ್ಪದಲ್ಲೇ ಇದ್ದರು. ಅವರೊಂದು ಕ್ರಮ ಮಾಡಿದರು. ಆಗಾಗ ಸೀಟಿ ಊದಿ ಹಾಜರಿ ಕೂಗುವುದು. ಯಾರ ದನಿ ಬರುವುದಿಲ್ಲವೋ ಅವನ ಅಕ್ಕಪಕ್ಕದವರು ಅವನ ಕೆನ್ನೆಗೆ ಬಾರಿಸಬೇಕು, ಕೈಕಾಲು ತಿಕ್ಕಬೇಕು, ತೆಪ್ಪದ ಮೇಲೆ ಎಳೆದು ಮಲಗಿಸಬೇಕು. ಮೂರನೆಯ ಹಾಜರಿಗೆ ಎಂಬತ್ತೆಂಟನೆಯ ನಂಬರಿನವನು ಉತ್ತರ ಕೊಡಲಿಲ್ಲ. ಹಾಗೆಯೇ ಮಾಡಿದೆವು. ಅವನು ಬೈಯುತ್ತ ಎಚ್ಚರಾದ. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ.

ಒಂಬತ್ತು ಹಾಜರಿಗೆ ನಿಮ್ಮ ತಮ್ಮ ತಾನೇ ಕೂಗಿದ. ಹತ್ತನೆಯದಕ್ಕೆ ಸುಮ್ಮನಿದ್ದ. ನಾನು ಮೊಣಕೈಯಿಂದ ತಿವಿದೆ. ಅವನು ತಲೆ ಆಡಿಸಿದ ಹಾಗಾಯಿತು. ಅವನೇ ಆಡಿಸಿದನೋ ಅಲೆ ಆಡಿಸಿತೋ ನನಗೆ ಗೊತ್ತಿಲ್ಲ. ಈ ಸೋಮಾರಿ ಇಲ್ಲೂ ನಿದ್ದೆ ಹೊಡೆಯುತ್ತಿದ್ದಾನೆ ಎಂದುಕೊಂಡೆ. ಅಭ್ಯಾಸದಂತೆ ಸಣ್ಣ ದನಿ ಮಾಡಿ "ಹಾಜರ್" ಎಂದೆ. ಆಚೆಯವರಿಬ್ಬರು ನಕ್ಕರು. ಆ ದಿನ ಯಾರಾದರೂ ನಕ್ಕದ್ದು ಅದೊಂದೇ ಸಲ. ಅವರು ನಕ್ಕದ್ದು ನನಗೆ ಖುಷಿಯಾಯಿತು. ಹನ್ನೊಂದನೆಯದಕ್ಕೂ ಕೂಗಿದೆ. ಹನ್ನೆರಡನೆಯದಕ್ಕೂ ಕೂಗಿದೆ.

ಆಮೇಲೆ ಎಲ್ಲರೂ ಹಗ್ಗದಲ್ಲಿ ಒಂದೊಂದು ಜಾಗ ಸರಿಯಿರಿ ಎಂದು ಸೀಟಿ ಹೇಳಿದರು. ಅವನು ಸರಿಯಲಿಲ್ಲ. ಕಣ್ಣು ಬಿಟ್ಟು ನೋಡಿದೆ. ಆಗ ತಿಳಿಯಿತು.

ನಾನು ಕೂಗದೆ ಸುಮ್ಮನಿದ್ದಿದ್ದರೆ ಹತ್ತನೆಯ ಹಾಜರಿಗೇ ಅವನ ಕೆನ್ನೆಗೆ ಬೀಳಬೇಕಾದ ಏಟು ಬೀಳುತ್ತಿತ್ತು. ಎಂಬತ್ತೆಂಟು ಎದ್ದ ಹಾಗೆ ಅವನೂ ಏಳುತ್ತಿದ್ದನೇನೋ. ನನ್ನ ದನಿ ಕೇಳಿ ಲೆಕ್ಕ ಸರಿಯಾಯಿತೆಂದು ಎಲ್ಲರೂ ಸುಮ್ಮನಾದರು.

ಗೊತ್ತಾದ ಮೇಲೂ ಇನ್ನೆರಡು ಸಲ ಕೂಗಿದೆ. ಅದು ಏಕೆಂದು ನನಗೂ ತಿಳಿದಿಲ್ಲ. ನಮ್ಮನ್ನು ಹುಡುಕಿಕೊಂಡು ದೋಣಿ ಬಂದಾಗ ಅದರಲ್ಲಿದ್ದವರು ಬದುಕಿದವರನ್ನು ಮಾತ್ರ ಎತ್ತಿಕೊಂಡರು. ಬೆಲ್ಟು ಬಿಚ್ಚಿದ್ದು ನಾನೇ.

ನಿದ್ದೆಯಲ್ಲಿ ಹೋದ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ಸುಳ್ಳಲ್ಲ.

ನಿಮ್ಮ ಸಹಿಯ ವಿಷಯ ನನಗೆ ಮೊದಲೇ ಗೊತ್ತಿತ್ತು. ಹಡಗಿಗೆಲ್ಲ ಗೊತ್ತಿತ್ತು. "ನಮ್ಮಪ್ಪನ ಸಹಿ ನಮ್ಮಪ್ಪನಿಗಿಂತ ನಮ್ಮಕ್ಕ ಚೆನ್ನಾಗಿ ಹಾಕ್ತಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಮಂಚದ ವಿಷಯವೂ ಗೊತ್ತಿತ್ತು. "ನಾನು ವಾಪಸ್ ಹೋದ್ರೆ ಆ ಮಂಚ ಬಿಡಿಸೋಕೆ ಇನ್ನೊಂದು ಯುದ್ಧ ಆಗ್ಬೇಕು" ಎನ್ನುತ್ತಿದ್ದ.

ಇನ್ನೂರ ಹದಿಮೂರು


ಅಕ್ಟೋಬರ್ 3

ಟೀಚರ್ ಅವರಿಗೆ,

ಆಗಸ್ಟ್‌ನಲ್ಲಿ ಒಂದು ಪತ್ರ ಹಾಕಿದ್ದೆ. ತಲುಪಿತೋ ಇಲ್ಲವೋ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಈಗ ಅವನು ನನ್ನನ್ನು ಕಂಡರೆ ಹಿಂಬಾಗಿಲಿನಿಂದ ಹೋಗುತ್ತಾನೆ.

ನೀವು ಬರೆಯದಿರುವುದು ನ್ಯಾಯ. ಬೈದಾದರೂ ಬರೆದಿದ್ದರೆ ಚೆನ್ನಾಗಿತ್ತು. ನಿನ್ನೆ ಎರಡು ಹಂಡೆ ಗಂಜಿಗೆ ಉಪ್ಪು ಹಾಕುವುದನ್ನು ಮರೆತೆ, ಮೂರನೆಯದಕ್ಕೆ ಎರಡು ಸಲ ಹಾಕಿದೆ. ರೋಗಿಗಳು ಸುಮ್ಮನೆ ಕುಡಿದರು. ಅಮ್ಮನ ಕಾಗದ ವಾಪಸ್ ಕಳುಹಿಸಬೇಕೆ? ಚಿಲಕ ಹಾಕುತ್ತಿದ್ದಾರೆಯೇ? ಅಷ್ಟು ತಿಳಿಸಿದರೆ ಸಾಕು.

ಅಡುಗೆಯವನು


ನವೆಂಬರ್ 12

ಅಡುಗೆಯವರಿಗೆ,

ಸಿಟ್ಟಿನಿಂದ ಬರೆಯದೆ ಇದ್ದೆನೆಂದು ನೀವು ತಿಳಿದಿದ್ದೀರಿ. ಸಿಟ್ಟು ಬಂದದ್ದು ನಿಜ. ಮೊದಲ ವಾರ ನಿಮ್ಮ ಕೈಬರಹ ಕಂಡರೆ ಮೈ ಉರಿಯುತ್ತಿತ್ತು. ತರಗತಿಯಲ್ಲಿ ಒಬ್ಬ ಹುಡುಗಿ ಪಕ್ಕದವಳ ಬದಲು 'ಹಾಜರ್' ಎಂದಳು. ದಿನಾ ನಡೆಯುವ ತಮಾಷೆ ಅದು. ನಾನು ಪುಸ್ತಕ ಎತ್ತಿ ಮೇಜಿಗೆ ಬಡಿದೆ. ಇಡೀ ತರಗತಿ ಬೆಚ್ಚಿತು. ಅವಳು ಅತ್ತಳು. ಮರುದಿನ ಅವಳ ಬಳಿ ಕ್ಷಮೆ ಕೇಳಿದೆ.

ಆದರೆ ತಡವಾದದ್ದು ಅದಕ್ಕಲ್ಲ. ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಬೇಕಾದರೆ, ನನ್ನದನ್ನು ಹೇಳದೆ ನಿಮ್ಮದನ್ನು ಮಾತ್ರ ಹೇಗೆ ಹೇಳಲಿ? ಆ ಧೈರ್ಯಕ್ಕೆ ಆರು ವಾರ ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಎರಡನ್ನೂ ಹೇಳಿದೆ. ಮೊದಲು ನನ್ನದು. ಅಮ್ಮ ಎದ್ದುಹೋಗಿ ಬೀರುವಿನ ಕೆಳಗಿನ ಖಾನೆಯಿಂದ ಅಪ್ಪನ ಫೋಟೋ ತೆಗೆದು, ಸೆರಗಿನಿಂದ ಒರೆಸಿ, ತಮ್ಮ ಮಂಚದ ಪಕ್ಕ ಇಟ್ಟುಕೊಂಡರು. ಇಪ್ಪತ್ತು ವರ್ಷದಿಂದ ಅದು ಬೋರಲಾಗಿ ಮಲಗಿತ್ತು. ಎಂಟು ದಿನ ಫೋಟೋದ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ. ತಟ್ಟೆ ಇಟ್ಟು ಹೋಗುತ್ತಿದ್ದರು. ಅಪ್ಪ ಹನ್ನೊಂದು ವರ್ಷ ಉಂಡ ಊಟದ ರುಚಿ ನನಗೆ ಗೊತ್ತಾಯಿತು.

ಒಂಬತ್ತನೆಯ ದಿನ ಕೇಳಿದರು. "ಹನ್ನೊಂದು ವರ್ಷ ಕಣೇ. ಅದನ್ನ ಈಗ ಯಾರ ಹತ್ರ ಹೋಗಿ ವಾಪಸ್ ಕೇಳ್ಲಿ ನಾನು?" ಕ್ಷಮಿಸಿದೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಮಾತು ಬಂತು. "ಮೂವತ್ತು ವರ್ಷದಿಂದ ಕೂಗ್ತಿದ್ದಾನಾ ಅವನು?" ಎಂದರು. ಹೌದೆಂದೆ. "ಸಾಕು ಅಂತ ಹೇಳು. ಇನ್ನೊಬ್ಬರ ಮಗನ ಬಾಯಲ್ಲಿ ನನ್ನ ಮಗ ಎಷ್ಟು ವರ್ಷ ಇರ್ಬೇಕು? ನೀನೇ ಹೋಗಿ ಇಲ್ಲ ಅಂತ ಹೇಳಿ ಬಾ."

ಅದಕ್ಕೆ ಈ ಸಲ ಕೂಟಕ್ಕೆ ನಾನು ಬರುತ್ತೇನೆ. ನೀವೂ ಬನ್ನಿ. ಅವನ ನಂಬರು ಬಂದಾಗ ಸುಮ್ಮನಿರಿ. ನಾನು ಹೇಳುತ್ತೇನೆ.

ನೀವು ಮಾಡಿದ್ದು ತಪ್ಪೇ ಎಂದು ನೀವು ಕೇಳಿಲ್ಲ, ಆದರೂ ಪತ್ರದ ತುಂಬ ಅದೇ ಪ್ರಶ್ನೆ. ತಪ್ಪೇ. ನನ್ನದೂ ತಪ್ಪೇ. ಹತ್ತನೆಯ ಹಾಜರಿಯಲ್ಲಿ ಅವನಿಗೆ ಜೀವವಿತ್ತೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಇಲ್ಲ. ಅದನ್ನು ತಿಳಿಯದೆಯೇ ನಾವಿಬ್ಬರೂ ಉಳಿದ ಆಯುಸ್ಸು ಕಳೆಯಬೇಕು. ಅಮ್ಮನ ಕಾಗದ ನಿಮ್ಮಲ್ಲೇ ಇರಲಿ. ಚಿಲಕವನ್ನು ಈಗ ಹಾಕುತ್ತಿದ್ದೇವೆ.

ಶಿಕ್ಷಕಿ


ಜನವರಿ 28

ಟೀಚರ್ ಅವರಿಗೆ,

ಖಂಡಿತ ಬರುತ್ತೇನೆ. ರಜೆ ಬರೆದುಕೊಟ್ಟಿದ್ದೇನೆ. ಹೊಸ ಶೂ ತೆಗೆದುಕೊಂಡೆ, ಕಚ್ಚುತ್ತಿದೆ. ನಿಲ್ದಾಣದಿಂದ ಸಭಾಂಗಣಕ್ಕೆ ನಡೆದೇ ಬರಬಹುದು, ಬಲಗಡೆಗೆ ಮೂರನೆಯ ತಿರುವು. ಬಾಗಿಲ ಬಳಿ ಗಂಟೆ ಕಾಣುತ್ತದೆ. ನಾನು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಬೋಳುತಲೆ, ಎಡಗೈ ಮೇಲೆ ಸುಟ್ಟ ಗಾಯದ ಗುರುತು.

ಒಂದು ಮಾತು ಕೇಳಲೇ? ಅವನ ನಂಬರಿಗೆ ಕೂಗುವ ಹೊತ್ತಿಗೆ ನನ್ನ ದನಿ ಸರಿಯಾಗಿ ಏಳುತ್ತಿತ್ತು. ನನ್ನ ನಂಬರಿಗೆ ಏಳುತ್ತಿರಲಿಲ್ಲ. ಸೀಟಿ ನನ್ನನ್ನು ಎರಡೆರಡು ಸಲ ಕರೆಯುತ್ತಾರೆ. ಅವನದು ಇಲ್ಲದೆ ನನ್ನದೊಂದನ್ನೇ ಹೇಗೆ ಕೂಗುವುದು? ನೀವು ಪಕ್ಕದಲ್ಲಿ ಕೂತಿದ್ದರೆ ಆಗಬಹುದು.

ಹತ್ತೊಂಬತ್ತಕ್ಕೆ ಸಿಗೋಣ.

ಅಡುಗೆಯವನು


ಫೆಬ್ರವರಿ 21

ಇನ್ನೂರ ಹದಿಮೂರಕ್ಕೆ,

ನೀನು ಬರಲಿಲ್ಲ.

ಹಿಂದಿನ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದಿದ್ದೆ. ಬಂದ ಬೋಳುತಲೆಗಳನ್ನೆಲ್ಲ ನೋಡಿದೆ. ನಿಮ್ಮ ಸಂಘದಲ್ಲಿ ಕೂದಲಿರುವವರೇ ಕಡಿಮೆ. ಇಬ್ಬರ ಎಡಗೈಯನ್ನು ಬಗ್ಗಿ ನೋಡಿದೆ, ಅವರು ನನ್ನನ್ನು ಏನೆಂದುಕೊಂಡರೋ. ರೈಲು ತಡವಾಗಿರಬೇಕು ಎಂದುಕೊಂಡೆ. ಆಮೇಲೆ, ರೈಲೇ ಹತ್ತಿಲ್ಲ ಎಂದು ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಕೇಳಬೇಡ. ಶಾಲೆಗೆ ಹೊರಟು ಮೂಲೆಯಲ್ಲಿ ನಿಂತುಬಿಡುವ ಮಕ್ಕಳನ್ನು ನಾನು ಬಲ್ಲೆ.

ಹಾಜರಿ ಶುರುವಾಗುವ ಮೊದಲು ಸೀಟಿಯವರ ಬಳಿ ಹೋಗಿ ಕೇಳಿದೆ. ಆ ದಿನ ನೀರಿನಲ್ಲಿ ಒಬ್ಬನೇ ಎರಡು ದನಿಯಲ್ಲಿ ಕೂಗಿದ್ದು ನಿಮಗೆ ತಿಳಿಯಲಿಲ್ಲವೇ ಎಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಕಿವಿಯಲ್ಲಿ ಎಣ್ಣೆ ತುಂಬಿತ್ತಮ್ಮ. ಅದೂ ನೆಪವೇ ಅನ್ನಿ. ನನಗೆ ಹನ್ನೆರಡು ಬೇಕಿತ್ತು, ಹನ್ನೆರಡು ಕೇಳಿಸ್ತು" ಎಂದರು. ಇದನ್ನು ನಿನಗೆ ಬರೆಯಬಹುದೇ ಎಂದು ಕೇಳಿದೆ. ಬರೆಯಿರಿ ಎಂದರು.

ಆಮೇಲೆ ನಂಬರು ಕೂಗುತ್ತ ಹೋದರು. ಗಂಟೆಯ ಸದ್ದೇ ಹೆಚ್ಚು, ದನಿಗಳು ಕಡಿಮೆ. ಇನ್ನೂರ ಹನ್ನೆರಡಕ್ಕೆ ಗಂಟೆ ಹೊಡೆದರು. "ಇನ್ನೂರ ಹದಿಮೂರು" ಎಂದರು. ಎರಡನೆಯ ಸಲ ಕರೆದರು. ಗಂಟೆಯ ಬಳಿ ನಿಂತವನು ನಿಯಮದಂತೆ ಹಗ್ಗಕ್ಕೆ ಕೈ ಹಾಕಿದ.

ನಿನ್ನ ಗಂಟೆ ಹೊಡೆಯುವವನಿದ್ದ ಅವನು. ನಾನು ಎದ್ದು ನಿಂತೆ. "ನಿಲ್ಲಿಸಿ. ಅವರು ಬದುಕಿದ್ದಾರೆ. ಬಂದಿಲ್ಲ, ಅಷ್ಟೇ" ಎಂದೆ. ಎಲ್ಲರೂ ತಿರುಗಿ ನೋಡಿದರು. ಮುಂದಿನ ಸಾಲಿನ ಮುದುಕರೊಬ್ಬರು, "ಅವನ ಬದಲು ನೀವೇ ಹಾಜರ್ ಅಂದ್ಬಿಡಿ, ಮುಗೀತು" ಎಂದು ಪಿಸುಗುಟ್ಟಿದರು. ಆಗುವುದಿಲ್ಲ ಎಂದೆ. ಟೈಪಿಸ್ಟ್ ಹುಡುಗಿ ನನ್ನ ಮುಖ ನೋಡಿ, ನಿನ್ನ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆದಳು. ಸೀಟಿಯವರು ಅದನ್ನು ಓದಿ ತಲೆಯಾಡಿಸಿದರು.

"ಇನ್ನೂರ ಹದಿನಾಲ್ಕು."

ನಾನಿನ್ನೂ ನಿಂತೇ ಇದ್ದೆ. ಏನೇನೋ ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅಪ್ಪನ ಬಗ್ಗೆ, ಮಂಚದ ಬಗ್ಗೆ. ಬಾಯಿಂದ ಬಂದದ್ದು ಒಂದೇ ಮಾತು. "ಇಲ್ಲ" ಎಂದೆ.

ಗಂಟೆ ಹೊಡೆದರು. ಒಂದೇ ಸಲ. ಅದರ ಸದ್ದು ಪೂರ್ತಿ ಇಳಿಯುವ ಮೊದಲೇ ಇನ್ನೂರ ಹದಿನೈದು ಎಂದರು, ಯಾರೋ ಕೆಮ್ಮುತ್ತ ಹಾಜರ್ ಎಂದರು. ಮೂವತ್ತೊಂದು ವರ್ಷ ತಡೆದಿಟ್ಟದ್ದು ಅಷ್ಟು ಹೊತ್ತಿನಲ್ಲಿ ಮುಗಿಯಿತು. ನಾನು ಕೂತುಕೊಂಡು ಚೀಲ ತೊಡೆಯ ಮೇಲಿಟ್ಟು ಅತ್ತೆ. ಪಕ್ಕದ ಕುರ್ಚಿ ಖಾಲಿ ಇತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಗಂಟೆ ಚೆನ್ನಾಗಿ ಕೇಳಿಸ್ತಾ?" ಎಂದರು. ಕೇಳಿಸಿತು ಎಂದೆ. ನಿನ್ನ ಗಂಟೆ ತಪ್ಪಿಸಿದ್ದನ್ನೂ ಹೇಳಿದೆ. "ಅವನನ್ನ ಇಲ್ಲಿಗೆ ಬರೋಕೆ ಹೇಳು" ಎಂದರು. ಬೈಯಲೋ ಸಮಾಧಾನ ಮಾಡಲೋ ನನಗೆ ಗೊತ್ತಿಲ್ಲ, ಎರಡಕ್ಕೂ ತಯಾರಾಗಿ ಬಾ. ಬೇಕರಿ ಈಗ ಚಪ್ಪಲಿ ಅಂಗಡಿ, ಅದರ ಪಕ್ಕದ ಮನೆ. ಹೊಸ ಶೂ ಬೇಡ, ಹಳೆಯದರಲ್ಲೇ ಬಾ. ಅಡುಗೆ ನೀನು ಮಾಡು, ಆಲೂಗಡ್ಡೆ ನಾನು ಸುಲಿಯುತ್ತೇನೆ.

ಬಂದಾಗ ಸುಮ್ಮನೆ ನಿಂತಿರಬೇಡ, ಬಾಗಿಲು ತಟ್ಟು. ಯಾರು ಎಂದು ಅಮ್ಮ ಒಳಗಿನಿಂದ ಕೇಳುತ್ತಾರೆ. ನಿನ್ನ ಹೆಸರು ಹೇಳು.

ಅಕ್ಕ